ಡಾಕ್ಟರೋ ಅಡುಗೆಯವನೋ

ಹುಳ ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳ ಪೊರೆ ಬಿಡೋ ಹೊತ್ತಲ್ಲಿ ಸೊಪ್ಪು ತಿನ್ನಲ್ಲ, ಮನೆಯವರಿಗೂ ಒಸಿ ಬಿಡುವು. ಮಾಗಡಿ ಹತ್ತಿರದ ಕಲ್ಯದ ಪಂಚಾಕ್ಷರಯ್ಯ ಜಗುಲಿ ಮೇಲೆ ಕೂತು ಪತ್ತೇದಾರಿ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದರು. ಹೆಂಡತಿ ಗಿರಿಜಾಂಬ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಕಥೆಯಲ್ಲಿ ಬಂಗಲೆಯ ಸಾಹುಕಾರನಿಗೆ ಯಾರೋ ವಿಷ ಹಾಕಿದ್ದರು.

"ಅಡುಗೆಯವನೇ ಕಣ್ರೀ," ಅಂದಳು. "ಸಾರಿಗೆ ಉಪ್ಪು ಹಾಕೋದೇ ಮರ್ತವ್ನೆ. ತಲೇಲಿ ಬೇರೆ ಏನೋ ಐತೆ."

"ಹಂಗಾದ್ರೆ ನೀನು ನನ್ನ ಎಷ್ಟು ಸಲ ಕೊಂದಿದ್ದೀಯೋ! ಡಾಕ್ಟ್ರು ಕಣೇ. ನೋಡ್ತಿರು."

"ಕೊನೇ ಹಾಳೆ ನೋಡಿಬುಡಿ ಮತ್ತೆ."

"ಥೂ, ಅದು ಪಾಪ. ನಾಳೆ ಓದಾನ."

ಮಾರನೆ ಬೆಳಿಗ್ಗೆ ಅವರು ಏಳಲಿಲ್ಲ. ಎದೆ ನಿಂತಿತ್ತು ಅಂದರು. ಮಣ್ಣು ಮಾಡಿ ಬರುವಷ್ಟರಲ್ಲಿ ಹುಳ ಜ್ವರದಿಂದ ಎದ್ದಿದ್ದವು. ಸೊಪ್ಪು ಹಾಕಿದಳು. ಅಳೋದಕ್ಕೂ ಪುರುಸೊತ್ತು ಕೊಡಲಿಲ್ಲ ಅವು.

ಗೂಡು ಮಾರಿದ ಮೇಲೆ ಪುಸ್ತಕ ಹಿಡಿದು ಮಾಗಡಿ ಲೈಬ್ರರಿಗೆ ಹೋದಳು. ಅವಳು ಓದಿದ್ದು ಮೂರನೇ ಕ್ಲಾಸು. ಯಾರಾದರೂ ಹೇಳಿಬಿಟ್ಟರೆ ಸಾಕಿತ್ತು, ಡಾಕ್ಟರೋ ಅಡುಗೆಯವನೋ ಅಂತ. ಸತ್ತವರ ಜೊತೆ ಜಗಳ ಬಾಕಿ ಇಟ್ಟುಕೊಂಡು ಬಾಳೋದು ಹೆಂಗೆ?

ಅವತ್ತು ಭಾನುವಾರ. ಗಂಡ ಹೋಗುತ್ತಿದ್ದ, ಪತ್ತೇದಾರಿ ಕಥೆ ಓದೋರ ಬಳಗ ಸೇರಿತ್ತು. ಲೈಬ್ರರಿ ನೋಡಿಕೊಳ್ಳೋ ಲತಾಮಣಿ, ರಿಟೈರಾದ ಕಂಡಕ್ಟರ್ ಫಕ್ರುದ್ದೀನ್ ಸಾಬರು, ಇನ್ನೊಂದಿಷ್ಟು ಜನ.

"ಕೊಂದೋರು ಯಾರು, ಹೇಳ್ರಪ್ಪಾ."

"ನಮಗೆಲ್ಲಿ ಗೊತ್ತು ತಾಯಿ?" ಅಂದರು ಸಾಬರು. "ಇರೋದೊಂದೇ ಪುಸ್ತಕ. ತಗೊಂಡೋದೋರು ಓದ್ಕೊಂಡು ಬಂದು ಹೇಳ್ಬೇಕು, ಮಿಕ್ಕೋರು ಕೇಳ್ಬೇಕು. ಯಜಮಾನ್ರ ಸರದಿ ಇತ್ತು."

"ಈಗ ಪುಸ್ತಕ ನಿಮ್ಮ ಕೈಲೈತಲ್ಲಕ್ಕಾ," ಅಂದಳು ಲತಾಮಣಿ. "ಸರದಿ ನಿಮ್ದೇ."

ಗಿರಿಜಾಂಬ ಬೈಕೊಂಡೇ ಕೂತಳು. ಕೇಳಿದ್ದೆಲ್ಲ ಹೇಳಿದಳು. ಕೇಳದೇ ಇದ್ದದ್ದೂ ಒಸಿ ಸೇರಿಕೊಂಡಿತು.

"ಪತ್ತೇದಾರ ಮುದ್ದೆ ಉಂಡ್ನಾ?" ಸಾಬರಿಗೆ ಅನುಮಾನ.

"ಉಣ್ಣದೆ ಹಂಗೆ ತಿರುಗಾಡೋಕಾಯ್ತದಾ? ಸುಮ್ಕೆ ಕೇಳಿ."

ಕೊನೇ ಅಧ್ಯಾಯ ಬಂತು. ಅಲ್ಲಿಂದ ಮುಂದಕ್ಕೆ ಅವಳಿಗೂ ಗೊತ್ತಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಲತಾಮಣಿ ನೆರವಿಗೆ ಬಾಯಿ ತೆರೆದಳು, ಸಾಬರು ಕಣ್ಣಲ್ಲೇ ಬೇಡ ಅಂದರು. ಪತ್ತೇದಾರ ಕೈ ಎತ್ತಿ ತೋರಿಸಿದ. ಡಾ... ಕ್ಟ... ರು.

"ಥೂ!" ಪುಸ್ತಕ ಮೇಜಿಗೆ ಕುಕ್ಕಿದಳು. "ಗೆದ್ದುಬುಟ್ರಲ್ರೀ!"

ಗೆದ್ದವರಿಗೆ ಹೇಳೋಣ ಅಂದರೆ ಅವರೇ ಇಲ್ಲ ಅಂತ ಆಮೇಲೆ ಹೊಳೆಯಿತು. ಸೆರಗು ಬಾಯಿಗಿಟ್ಟು ಅತ್ತಳು. ಮೊದಲ ಸಲ.

"ನಾನೂ ಅಡುಗೆಯವನೇ ಅಂದ್ಕೊಂಡಿದ್ದೆ ತಾಯಿ," ಅಂದರು ಸಾಬರು.

"ಸುಳ್ಳು ಹೇಳ್ಬೇಡಿ ಸಾಬ್ರೆ," ಮೂಗು ಒರೆಸಿಕೊಂಡು ಲತಾಮಣಿ ಕಡೆ ತಿರುಗಿದಳು. "ಇನ್ನೊಂದು ಪುಸ್ತಕ ಕೊಡಮ್ಮಿ. ತೆಳ್ಳಂದು."

ಡೇರಿಗೆ ಹಾಲು ಹಾಕೋದು ಗಂಡನ ಕೆಲಸವಾಗಿತ್ತು, ಈಗ ಅವಳದು. ಸಾಲಲ್ಲಿ ನಿಂತ ಹೆಂಗಸರು ಹೊಸ ಕಥೆ ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಹೇಳುತ್ತಾಳೆ. ಹಾಲು ಅಳೆಸಿ, ಕ್ಯಾನು ತೊಳೆದು, ಬೋರಲು ಹಾಕಿ, ದಿನಾ ಬೆಳಿಗ್ಗೆ ಸೊಪ್ಪು ಕುಯ್ಯೋಕೆ ಹೊರಡುತ್ತಾಳೆ.