ಡ್ರೌನ್ ಎಂಬ ಕ್ರಿಯಾಪದ

ಗಂಗಾವತಿಯ ಸಾಲಿಯಲ್ಲಿ ನಾನು ಇಂಗ್ಲಿಷ್ ಮಾಸ್ತರನಾಗಿ ಸೇರಿದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಪಾಠವೆಲ್ಲ ಉರ್ದುವಿನಲ್ಲಿ ನಡೆಯಬೇಕು. ಆದರೆ ವ್ಯಾಕರಣ ಬಂತೆಂದರೆ ಹುಡುಗರ ಮುಖ ನೋಡಿ ನಾನು ಕನ್ನಡಕ್ಕೆ ಇಳಿಯುತ್ತಿದ್ದೆ. ಸಕರ್ಮಕ, ಅಕರ್ಮಕ ಬೇರೆ ಮಾಡಲು ಅವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. "ಕ್ರಿಯಾಪದ ಓದಿ, 'ಯಾರನ್ನ? ಏನನ್ನ?' ಅಂತ ಕೇಳ್ರಿ. ಉತ್ತರ ಬಂದ್ರ ಸಕರ್ಮಕ." 'ಈಟ್' ಅಂದರೆ ಏನನ್ನ? ರೊಟ್ಟಿಯನ್ನ. 'ಸ್ಲೀಪ್' ಅಂದರೆ ಕೇಳಲಿಕ್ಕೇ ಬರುವುದಿಲ್ಲ.

ಆ ವರ್ಷ ನನ್ನ ಅಕ್ಕ ಸತ್ತಳು.

ನಾವು ಆನೆಗೊಂದಿಯವರು. ತುಂಬಿದ ಹೊಳೆಯಲ್ಲೂ ಅಕ್ಕ ಗಂಡುಹುಡುಗರ ಸಮ ಈಜುತ್ತಿದ್ದಳು. ಆಕೆಯನ್ನು ಯಲಬುರ್ಗಾ ಕಡೆಯ ಹಳ್ಳಿಗೆ ಕೊಟ್ಟಿದ್ದೆವು. ಅಲ್ಲಿ ಹೊಲದ ಬಾವಿಯಲ್ಲಿ ಆಕೆಯ ಹೆಣ ಸಿಕ್ಕಿತು. ನಾವು ಹೋದಾಗ ಭಾವ ಕಂಬಕ್ಕೊರಗಿ ತಲೆ ತಗ್ಗಿಸಿ ಕೂತಿದ್ದ. ಅಕ್ಕನ ಅತ್ತೆಯೇ ಮಾತಾಡಿದಳು.

"ನೀರು ತರಾಕ ಹೋಗಿ, ಕಾಲು ಜಾರಿ ಬಿದ್ದಾಳ್ರಿ."

"ನನ್ನ ಮಗಳಿಗೆ ಈಜು ಬರ್ತಿತ್ತು," ಅಂದಳು ನಮ್ಮವ್ವ.

ತಿರುಗಿ ಬರುವಾಗ ಚಕ್ಕಡಿಯಲ್ಲಿ ಅವ್ವ ದಾರಿಯುದ್ದಕ್ಕೂ ಅದೊಂದೇ ಮಾತು ಹೇಳುತ್ತಿದ್ದಳು.

ಮತ್ತೆ ಸಾಲಿಗೆ ಹೋದ ಮೇಲೆ ಒಂದು ದಿನ ಪಾಠದಲ್ಲಿ, ಒಬ್ಬ ಹುಡುಗಿಯ ಕಥೆಯೊಳಗೆ, 'ಡ್ರೌನ್' ಎಂಬ ಶಬ್ದ ಬಂತು. ಮುಳುಗಿ ಸಾಯುವುದು ಎಂದು ಅರ್ಥ ಹೇಳಿ, ಬೋರ್ಡಿನ ಮೇಲೆ 'ಅಕರ್ಮಕ' ಎಂದು ಬರೆದೆ. ಅಳವಂಡಿಯಿಂದ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ ಎದ್ದು ನಿಂತ.

"ಮಾಸ್ತರ್ರ, ಡಿಕ್ಷನರಿಯೊಳಗ ಮುಳುಗಿಸಿ ಕೊಲ್ಲೋದಕ್ಕೂ ಇದ ಶಬ್ದ ಕೊಟ್ಟಾರ್ರಿ. ಆಕಿ ತಾನ ಮುಳುಗಿದ್ಲೋ, ಯಾರಾರ ಮುಳುಗಿಸಿದ್ರೋ, ಹೆಂಗ ತಿಳಿಬೇಕ್ರಿ?"

ಅವನಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. "ಕರ್ಮ ಐತೋ ಇಲ್ಲೋ ನೋಡು," ಎಂದೆ. ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕೊಡದಲ್ಲಿ ನೀರು ತುಂಬುವ ಗುಳುಗುಳು ಸದ್ದಾದರೆ ಯಾರೋ ಏನೋ ಹೇಳಲು ಬಾಯಿ ತೆರೆದಂತೆ ಆಗುತ್ತಿತ್ತು. ಭಾವನ ಕೈಗಳು ಕಣ್ಣ ಮುಂದೆ ಬರುತ್ತಿದ್ದವು.

ಮಾರನೆಯ ವರ್ಷ ಸಾಲಿಗೆ ಸೂಟಿ ಇದ್ದಾಗ ಅಕ್ಕನ ಅತ್ತೆ ಆನೆಗೊಂದಿಯ ನಮ್ಮ ಮನೆಗೆ ಒಬ್ಬಳೇ ಬಂದಳು. ಹೇಮಗುಡ್ಡದ ದುರ್ಗವ್ವನಿಗೆ ಕಾಯಿ ಒಡೆಸಿ ಬಂದೆ ಎಂದಳು. ಮೈ ಇಳಿದುಹೋಗಿತ್ತು. ಅವ್ವ ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಯಾರೂ ದಬ್ಬಿಲ್ರಿ ಬೀಗತಿ. ಕಾಲು ಜಾರಿ ಬಿದ್ದದ್ದು ಖರೆ. ಬಿದ್ದಾಕಿ ನನ್ನ ಕೂಗಿದ್ಲು. ಮುಂಜಾನೆ ನಮ್ಮಿಬ್ರಿಗೂ ಜಗಳ ಆಗಿತ್ತು. ಈಜು ಬರ್ತೈತಿ, ತಾನ ಮ್ಯಾಲ ಬರ್ತಾಳ ಅಂತ ನಾ ಹುಲ್ಲು ಕೊಯ್ಕೋಂತ ಕುಂತೆ. ಬಾವಿ ಮೆಟ್ಟಲಾ ಕುಸಿದಿದ್ವು ಅನ್ನೋದು ಆಮ್ಯಾಲ ನೆಪ್ಪಾತು. ಹೋಗೋದ್ರಾಗ ದನಿ ನಿಂತಿತ್ತು. ಒಂದು ಹಗ್ಗ ಇಳಿಬಿಟ್ಟಿದ್ರ ಸಾಕಿತ್ರಿ."

ಬಿದ್ದಳು, ದಬ್ಬಿದರು. ಈ ಎರಡರೊಳಗೇ ನಾನು ಇಷ್ಟು ದಿನ ಹುಡುಕಿದ್ದೆ.

ಅವ್ವ ಕೇಳಿದಳು: "ಏನಂತ ಕೂಗಿದ್ಲು?"

"ಅತ್ತೀ ಅಂತ."

"ಅವ್ವಾ ಅನ್ಲಿಲ್ಲೇನು?"

ಆಕೆ ಇಲ್ಲವೆಂದು ತಲೆಯಾಡಿಸಿದಳು. ಅವ್ವ ಎದ್ದು ಒಳಗೆ ಹೋದಳು. ಬೀಗತಿ ಕಟ್ಟೆಯ ಮೇಲೆ ಇನ್ನಷ್ಟು ಹೊತ್ತು ಕೂತಿದ್ದು, ಹೇಳದೆಯೇ ಎದ್ದು ನಡೆದಳು.

ಅಲ್ಲಿಂದ ಮುಂದೆ ಅವ್ವ ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದಂತೆ "ಬಂದೆ, ಬಂದೆ" ಎಂದು ಏಳತೊಡಗಿದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತಿದ್ದಳು. "ಯಾರೂ ಕರದಿಲ್ಲವ್ವ," ಎಂದು ಮೊದಮೊದಲು ಹೇಳುತ್ತಿದ್ದೆ. ಆಮೇಲೆ ಹೇಳುವುದನ್ನು ಬಿಟ್ಟೆ. ನಾನೂ ಅವಳ ಹಿಂದೆಯೇ ಎದ್ದು ಹೋಗಿ, ಅವಳು ತಾನಾಗಿ ತಿರುಗುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ.