ಮೇಜಿನ ಮೇಲೆ ಆಸಿಡ್ ಮೇಡಂ

ಜಠರ ಮತ್ತು ಕರುಳಿನ ತಜ್ಞರಾಗಲು ಬಂದ ವೈದ್ಯರಿಗೆ ಎಂಡೋಸ್ಕೋಪಿ ಕಲಿಸುವ ಪ್ರಾಧ್ಯಾಪಕಿಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಆಸಿಡ್ ಮೇಡಂ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು. ಅವರ ಬೈಗುಳವನ್ನು ಅರಗಿಸಿಕೊಂಡವರೆಲ್ಲ ಈಗ ಹೆಸರಾಂತ ವೈದ್ಯರು. ರೋಗಿ ಮೇಜಿನ ಮೇಲಿರುವಾಗ, ಕೈ ತಪ್ಪಿದ ಕ್ಷಣದಲ್ಲೇ ಗದರಿದರೆ ಪಾಠ ನಾಟುತ್ತದೆಂಬುದು ಅವರ ನಂಬಿಕೆ. ಮೊನ್ನೆ ಕಿರಿಯ ವಿದ್ಯಾರ್ಥಿನಿ ಕೋರ್ಸ್ ಬಿಡುತ್ತೇನೆಂದಾಗಲೂ, “ಬಿಡಮ್ಮ. ಗುಂಡಿಗೆ ಇಲ್ಲದವರಿಗಲ್ಲ ಈ ಕೆಲಸ” ಎಂದು ಕೈ ಝಾಡಿಸಿದ್ದರು.

ಅದೇ ವಾರ ಅವರ ಹೊಟ್ಟೆಯೇ ಕೈಕೊಟ್ಟಿತು. ಉರಿ ತಡೆಯಲಾರದೆ ತಮ್ಮದೇ ಎಂಡೋಸ್ಕೋಪಿ ಕೋಣೆಯ ಮೇಜಿನ ಮೇಲೆ ಎಡಮಗ್ಗುಲಾದರು.

“ಮಂಪರಿನ ಇಂಜೆಕ್ಷನ್ ಬೇಡ, ಮಧ್ಯಾಹ್ನ ಕ್ಲಾಸಿದೆ” ಎಂದರು. ಮೂಲೆಯಲ್ಲಿ ನಿಂತಿದ್ದ ಆ ಕಿರಿಯಳನ್ನು ತೋರಿಸಿ, ಹಿರಿಯ ವಿದ್ಯಾರ್ಥಿಗೆ, “ಅವಳೇ ಮಾಡ್ಲಿ. ನೀನು ಪಕ್ಕದಲ್ಲಿದ್ದು ಹೇಳ್ಕೊಡು. ಹೋಗೋಕೆ ಮುಂಚೆ ಇದೊಂದಾದ್ರೂ ಕಲೀಲಿ.”

ಗಂಟಲಿಗೆ ಮರಗಟ್ಟುವ ಸ್ಪ್ರೇ, ಹಲ್ಲುಗಳ ನಡುವೆ ಬಾಯಿ ತೆರೆದಿಡುವ ಪ್ಲಾಸ್ಟಿಕ್ ಬಳೆ. ಮಾತು ಬಂದ್. ನಳಿಕೆ ಒಳಗಿಳಿಯತೊಡಗಿತು.

“ಎತ್ತ ತಳ್ತಿದೀಯ? ಕಣ್ಣು ಮನೇಲಿ ಬಿಟ್ಟು ಬಂದ್ಯಾ?” ಹಿರಿಯ ಗದರಿದ. “ಹೀಗೇ ನುಗ್ಗಿಸು, ಅನ್ನನಾಳ ತೂತಾಗುತ್ತೆ!”

ಮಾತು, ಏರಿಳಿತ, ಕೊನೆಯ ಆ ಲೊಚಗುಟ್ಟುವಿಕೆ ಸಹ ಮೇಡಂ ಅವರದೇ. ಆದರೂ ‘ತೂತು’ ಎಂಬುದು ಕಿವಿಗೆ ಬಿದ್ದದ್ದೇ, ಆ ಅಪಾಯ ಎಷ್ಟು ವಿರಳವೆಂದು ತರಗತಿಯಲ್ಲಿ ಸಾರುವವರು ಈಗ ಬಳೆ ಕಚ್ಚಿ ಬೆವತರು. ಬಯ್ದಷ್ಟೂ ಹುಡುಗಿಯ ಕೈ ನಡುಗಿತು. ಆ ನಡುಕ ನಳಿಕೆಗುಂಟ ಇಳಿದು ಅವರ ಎದೆಯೊಳಗೆ ಆಡಿತು. ಅವರ ಕಣ್ಣುಗಳು ತುಂಬಿ ಹರಿದವು. ಇಲ್ಲಿ ಮಲಗಿದ ಎಷ್ಟೋ ಮಂದಿಯ ಕಣ್ಣೀರನ್ನು ತೋರಿಸಿ, ‘ನಳಿಕೆ ಇಳಿಯುವಾಗ ಕಣ್ಣಲ್ಲಿ ನೀರು ಬರೋದು ಸಹಜ, ನೀವು ಪರದೆ ನೋಡಿ’ ಎಂದು ಕಲಿಸಿದವರು ತಾವೇ ಅಲ್ಲವೆ?

ಬಳೆ ತೆಗೆಯುತ್ತ ಹಿರಿಯ ಬೀಗಿದ. “ಸಣ್ಣ ಹುಣ್ಣು ಅಷ್ಟೇ ಮೇಡಂ. ಹೇಗಿತ್ತು ಪಾಠ? ಥೇಟ್ ನಿಮ್ಮ ಥರಾನೇ ಅಲ್ವಾ?”

“ರೋಗಿ ಎದುರಿಗೆ ಹೀಗಾ ಬಯ್ಯೋದು?” ಮೇಡಂ ಬಾಯಿಗೆ ಬಂದದ್ದು ಅದು. “ಯಾರು ಕಲಿಸಿದ್ದು ನಿನಗೆ?”

ಅವನ ಮುಖ ಕಪ್ಪಿಟ್ಟಿತು. “ತಪ್ಪಾಯ್ತು ಮೇಡಂ” ಎಂದು ತಲೆ ತಗ್ಗಿಸಿದ.

‘ನಾನೇ ಕಲಿಸಿದ್ದು’ ಎನ್ನಲು ಅಷ್ಟೇನೂ ಹೊತ್ತು ಹಿಡಿಯುತ್ತಿರಲಿಲ್ಲ. ಅದರ ಬದಲು ಅವರು, ಮೇಜಿಗೆ ಹಾಸಿದ್ದ ಬಟ್ಟೆಯ ಅಂಚನ್ನು ನೆಟ್ಟಗೆ ಮಾಡುತ್ತ ಕುಳಿತರು. ಹುಡುಗಿ ನಳಿಕೆ ಒರೆಸುವುದನ್ನು ನಿಲ್ಲಿಸಿ ಒಮ್ಮೆ ಅವರನ್ನು ನೋಡಿದಳು.

“ನಾಳೆ ಬರ್ತೀಯಲ್ಲಮ್ಮ?”

“ನೋಡ್ತೀನಿ ಮೇಡಂ.”

ಅವರಿಗೆ ತಲೆ ಎತ್ತಲಾಗಲಿಲ್ಲ.