ತಿದ್ದಿ ಹೇಳಿದ ಮಾತು

ಅವರ ಎರಡು ಕೈಗಳು ಒಬ್ಬರವೇ ಎಂದರೆ ನಂಬುವುದು ಕಷ್ಟವಿತ್ತು. ಮೂವತ್ತು ವರ್ಷ ಕಾರಿನ ಕಿಟಕಿಯ ಮೇಲೆ ಊರಿ ಬಿಸಿಲು ತಿಂದ ಬಲಗೈ, ಮೊಣಕೈಯಿಂದ ಬೆರಳ ತುದಿಯವರೆಗೆ ರೊಟ್ಟಿ ಹಂಚಿನ ಬಣ್ಣಕ್ಕೆ ತಿರುಗಿತ್ತು. ಎಡಗೈ ಮಾತ್ರ ಗೋಧಿ ಬಣ್ಣದ್ದು. ನಮಸ್ಕಾರ ಮಾಡಲು ಕೈ ಜೋಡಿಸಿದರೆ ಇಬ್ಬರು ಕೂಡಿ ನಮಸ್ಕರಿಸಿದಂತೆ ಕಾಣುತ್ತಿತ್ತು. ನಾನು ಚೇಷ್ಟೆ ಮಾಡಿದರೆ, "ಇದು ದುಡಿಯೂ ಕೈ ತಂಗಿ. ಇದು ಜಹಗೀರದಾರ ಕೈ, ನೆರಳಾಗ ಕುಂತು ಬರೇ ಗೇರ್ ಹಾಕತೈತಿ" ಎನ್ನುತ್ತಿದ್ದರು.

ಹೈದರಾಬಾದಿನ ನಾಂಪಲ್ಲಿ ಸ್ಟೇಶನ್ನಿನ ಮುಂದೆ ಅವರ ಅಂಬಾಸಡರ್ ಟ್ಯಾಕ್ಸಿ ನಿಲ್ಲುತ್ತಿತ್ತು. ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಅವರ ವಾಸ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರಾಯಚೂರು ಕಡೆಯವರು, ಹೆಂಡತಿ ತೀರಿಹೋಗಿ ಐದಾರು ವರ್ಷವಾಗಿತ್ತು. ಊಟ ಬಹಳ ಮಟ್ಟಿಗೆ ಹೋಟೆಲಿನಲ್ಲಿ. ಸಂಜೆ ಕಾರು ನಿಲ್ಲಿಸಿ ನಮ್ಮ ಕಟ್ಟೆಗೆ ಬಂದು ಕೂತರೆ ಮೊದಲ ಮಾತು ಇದೇ: "ಹೊರಗ ನಾಕು ಭಾಷಾ ಆಡಿ ಬಾಯಿ ಸವದೈತಿ. ಮನ್ಯಾಗರ ನಮ್ಮದು ಆಡೂಣ."

ಆಗ ನಾನು ಗದಗಿನಿಂದ ಮದುವೆಯಾಗಿ ಬಂದು ಎರಡೇ ತಿಂಗಳಾಗಿತ್ತು. ನನ್ನ ತೆಲುಗು ತರಕಾರಿ ಗಾಡಿಯ ಮುಂದೆಯೇ ಮುಗಿದುಹೋಗುತ್ತಿತ್ತು. ಯಜಮಾನರು ಸರ್ಕಾರಿ ಇಂಜಿನಿಯರು. ಆಫೀಸಿನವರು ಮನೆಗೊಂದು ಫೋನು ಹಾಕಿಸಿಕೊಟ್ಟಿದ್ದರು. ಆ ಫೋನು ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಬಂದ ಹತ್ತು ಫೋನಿನಲ್ಲಿ ಒಂಬತ್ತಕ್ಕೆ "ಸಾರ್ ಲೇರು", ಸಾಹೇಬರಿಲ್ಲ, ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ.

ಕಾಕಾನಿಗೆ ಒಬ್ಬನೇ ಮಗ. ಶ್ರೀಶೈಲದ ಹಾದಿಯಲ್ಲಿ, ನಲ್ಲಮಲ ಬೆಟ್ಟದ ಮೇಲೆ, ಹುಲಿಗಳಿಗೆಂದು ಕಾದಿಟ್ಟ ಅಡವಿಯೊಳಗೆ ಅತಿಥಿಗಳು ಇಳಿದುಕೊಳ್ಳುವ ಹಳೆಯ ಬಂಗ್ಲಾ ಒಂದಿತ್ತು. ಮಗ ಅಲ್ಲಿ ಅಡುಗೆಯವ. ಬೆಟ್ಟದ ಬುಡದ ಹಳ್ಳಿಯ ತೆಲುಗು ಹುಡುಗಿಯನ್ನು ಅಪ್ಪನನ್ನು ಕೇಳದೆ ಮದುವೆಯಾಗಿದ್ದ. ಮೂರು ವರ್ಷದಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. "ನಮ್ಮ ಮಾತ ಬರಲಾರದಾಕಿ ಮನಿಗೆ ಬಂದ್ರ, ನಾ ಮನ್ಯಾಗೂ ಟ್ಯಾಕ್ಸಿ ಡ್ರೈವರ್ ಆಗಿ ಇರಬೇಕೇನು?" ಎನ್ನುತ್ತಿದ್ದರು. ದಿನವೆಲ್ಲ ಗಿರಾಕಿಗಳ ಜೊತೆ ತೆಲುಗು ಆಡುವವರಿಗೆ ಸೊಸೆಯ ಜೊತೆ ಆಡಲು ಏನು ಧಾಡಿ ಎಂದು ನಾನೊಮ್ಮೆ ಕೇಳಿದ್ದಕ್ಕೆ ಎರಡು ದಿನ ಕಟ್ಟೆಗೇ ಬರಲಿಲ್ಲ.

ಆದರೂ ಶ್ರೀಶೈಲದ ಬಾಡಿಗೆ ಬಂದರೆ ಬೇರೆಯವರಿಗೆ ಬಿಡುತ್ತಿರಲಿಲ್ಲ. ಬಂಗ್ಲಾಕ್ಕೆ ಹೋಗುವ ಕಚ್ಚಾ ರಸ್ತೆ ಮುಖ್ಯ ರಸ್ತೆಯಿಂದ ಒಡೆಯುವಲ್ಲಿ ಅರಣ್ಯದವರ ಗೇಟು ಇತ್ತು. ಅದರ ಮುಂದೆ ಒಂದು ಸಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರಂತೆ. ಬಂಗ್ಲಾ ಅಲ್ಲಿಂದ ಏಳೆಂಟು ಮೈಲಿ ಮೇಲೆ. ಯಾರಿಗೂ ಕೇಳಿಸುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನಮ್ಮ ಫೋನಿನ ನಂಬರನ್ನು ಮಾತ್ರ, ಜರೂರತ್ತು ಬಿದ್ದರೆ ಇರಲಿ ಎಂದು, ಯಾರದೋ ಕೈಯಲ್ಲಿ ಮಗನಿಗೆ ಮುಟ್ಟಿಸಿದ್ದರು.

ಒಂದು ಬುಧವಾರ ಮಧ್ಯಾಹ್ನ ಆ ಫೋನು ಬಂತು. ಹೆಣ್ಣು ದನಿ. ಲೈನಿನಲ್ಲಿ ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು. "ಬಂಗ್ಲಾ" ಎಂಬುದು ತಿಳಿಯಿತು, "ಮಾವಯ್ಯ" ಎಂಬುದು ತಿಳಿಯಿತು. ಕಾಕಾನ ಸೊಸೆ ಎಂದು ಅಷ್ಟರಲ್ಲೇ ಗುರುತು ಹಿಡಿದೆ. ಆಮೇಲೆ ಅವಳು ಸ್ಪಷ್ಟವಾಗಿ, ಮೂರು ಸಲ, "ಎಲ್ಲುಂಡಿ" ಎಂದಳು. ನಾನು "ಹೂಂ, ಹೇಳ್ತೀನಿ" ಎನ್ನುವಷ್ಟರಲ್ಲಿ ಲೈನು ಕಡಿದುಹೋಯಿತು.

ನನಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ನಕ್ಕೆ. ಹುಡುಗಿ ಮಾವನಿಗೋಸ್ಕರ ಕನ್ನಡ ಕಲಿತಿದ್ದಾಳೆ, 'ಎಲ್ಲಿ ಉಂಡಿ' ಎಂದು ಮಾವನ ಊಟ ವಿಚಾರಿಸುತ್ತಿದ್ದಾಳೆ. ಹೊಸ ಭಾಷೆ, ಪಾಪ, ಮಾವನಿಗೆ ಏಕವಚನ ಹಚ್ಚಬಾರದೆಂದು ಗೊತ್ತಿಲ್ಲ. ಅದನ್ನು ಹಾಗೇ ಹೇಳಿದರೆ ಕಾಕಾ ಮತ್ತೆ ಮುನಿಸಿಕೊಂಡಾರು ಎಂದು ನಾನೇ ಮರ್ಯಾದೆ ಹಚ್ಚಿ ತಿದ್ದಿದೆ. ಸಂಜೆ ಅವರು ಬಂದಾಗ, "ಕಾಕಾ, ನಿಮ್ಮ ಸೊಸಿ ಫೋನ್ ಮಾಡಿದ್ದಳ್ರಿ. ಕನ್ನಡದಾಗ ಮಾತಾಡಿದಳು. ಊಟ ಎಲ್ಲಿ ಮಾಡತೀರಿ ಅಂತ ಕೇಳಾಕತ್ತಿದ್ದಳು" ಎಂದೆ.

ಕಾಕಾ ಕಟ್ಟೆಯ ಮೇಲೆ ಕೂತುಬಿಟ್ಟರು. "ಊಟ ಎಲ್ಲಿ ಮಾಡತೀನಿ ಅಂತ?"

"ಹೂಂರಿ. ಮೂರು ಸಲ ಕೇಳಿದಳು."

"ನಿಮ್ಮ ಕಾಕು ಹೋದ ಮ್ಯಾಲ ಇದನ್ನ ಯಾರೂ ಕೇಳಿಲ್ಲ ತಂಗಿ" ಎಂದು ಆ ಕಪ್ಪು ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ, "ಆದಿತ್ಯವಾರ ಹೋಗೂಣ. ನಿಮ್ಮ ಮನಿಯವರಿಗೂ ರಜಾ ಇರತೈತಿ, ನೀವಿಬ್ಬರೂ ಬರ್ರಿ. ಹೆಣ್ಣುಮಕ್ಕಳು ಜೋಡಿ ಇದ್ದರ ಆಕಿಗೂ ಚಲೋ" ಎಂದರು.

ಗುರುವಾರ ಸೊಸೆಗೆ ಹಸಿರು ಸೀರೆ ತಂದರು. ಶುಕ್ರವಾರ ಶ್ರೀಶೈಲದ ಬಾಡಿಗೆಯೊಂದು ಬಂದಿತ್ತು. "ಆದಿತ್ಯವಾರ ಹೆಂಗೂ ಆ ಕಡೆ ಹೊಂಟೀನಿ" ಎಂದು ಅದನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ಓಣಿಯಲ್ಲಿ ಕೂತು ಇಡೀ ದಿನ ಕಾರು ತೊಳೆದರು. ಸೀಟಿನ ಕವರುಗಳನ್ನು ಒಗೆದು ನಮ್ಮ ಹಗ್ಗಕ್ಕೆ ಹಾಕಿದರು. ನಾನು ಶೇಂಗಾ ಹೋಳಿಗೆ ಮಾಡಿದೆ.

ಆದಿತ್ಯವಾರ ಮೋಡ ಕವಿದ ದಿನ. ಯಜಮಾನರು ಮುಂದೆ, ನಾನು ಹಿಂದೆ, ಮಡಿಲಲ್ಲಿ ಹೋಳಿಗೆ ಡಬ್ಬಿ. ಅಷ್ಟು ಮಾತಾಡಿದ ಕಾಕಾನನ್ನು ನಾನು ನೋಡಿರಲಿಲ್ಲ. ಸೊಸೆಗೆ ಮೊದಲು ಏನನ್ನಬೇಕು ಎಂದು ನನ್ನನ್ನೇ ಕೇಳಿ, ನಾನು ಹೇಳಿದ್ದು ಸರಿಬಾರದೆ, ತಾವೇ ಬೇರೆ ಬೇರೆ ರೀತಿಯಲ್ಲಿ ಅಂದು ನೋಡುತ್ತಿದ್ದರು. ಗೇಟಿನ ಹತ್ತಿರ ಬಂದಾಗ ಹಾರ್ನ್ ಹೊಡೆಯಲಿಲ್ಲ. ಇಳಿದು ಹೋಗಿ ಕಾಗದಕ್ಕೆ ಸಹಿ ಹಾಕಿ, ಕಚ್ಚಾ ರಸ್ತೆಗೆ ಕಾರು ತಿರುಗಿಸಿದರು. ಕಲ್ಲು, ಒಣಗಿದ ತೇಗದ ಎಲೆ, ಒಂದರ ಮೇಲೊಂದು ತಿರುವು. ಕಾರಿನ ಹೊಟ್ಟೆಗೆ ಕಲ್ಲು ತಗಲಿದಾಗಲೆಲ್ಲ "ಆತು, ಆತು, ಬಂತು" ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದರು.

ಬಂಗ್ಲಾದ ಅಡುಗೆಮನೆಗೆ ಬೀಗ ಹಾಕಿತ್ತು. ಕಾವಲಿನ ಮುದುಕ ಒಬ್ಬನೇ ಇದ್ದ. ಕಾಕಾ ಯಾರೆಂದು ತಿಳಿದೊಡನೆ ಅವನ ಮುಖ ಇಳಿದುಹೋಯಿತು. ಮಗನಿಗೆ ಗಲ್ಫಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಶುಕ್ರವಾರವೇ ಹೊರಟುಹೋದ, ಮುಂಬಯಿಯಿಂದ ವಿಮಾನ. ಹೆಂಡತಿಯನ್ನು ತವರಿನಲ್ಲಿ ಬಿಟ್ಟಿದ್ದಾನೆ. ಹೊರಡುವ ದಿನ ಗೇಟಿನ ಹತ್ತಿರದ ಸೇತುವೆಯ ಕಟ್ಟೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತು ಹೈದರಾಬಾದಿನ ರಸ್ತೆ ನೋಡುತ್ತಿದ್ದರು. ಅಪ್ಪ ಬರುತ್ತಾನೆಂದು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದರು. ಇಷ್ಟು ಹೇಳಿ ಮುದುಕ, "ಎಲ್ಲುಂಡಿ ಪೋತುನ್ನಾಂ ಅನಿ ಬುಧವಾರಮೇ ಫೋನ್ ಚೇಸಿಂದಿ ಕದಾ" ಎಂದ. ನಾಡಿದ್ದು ಹೋಗುತ್ತೇವೆಂದು ಅವಳು ಬುಧವಾರವೇ ಫೋನು ಮಾಡಿದ್ದಳಲ್ಲ ಎಂದು.

ಕಾಕಾ ನನ್ನ ಕಡೆ ತಿರುಗಿದರು. "ತಂಗಿ, ಆಕಿ ಏನಂದಿದ್ದಳು? ನೀ ಹೇಳಿದ್ದಲ್ಲ. ಆಕಿ ಅಂದದ್ದು ಹೇಳು."

"ಎಲ್ಲುಂಡಿ ಅಂದಿದ್ದಳ್ರಿ."

ಯಜಮಾನರು ನೆಲ ನೋಡಿದರು. ಎಲ್ಲುಂಡಿ ಎಂದರೆ ತೆಲುಗಿನಲ್ಲಿ ನಾಡಿದ್ದು. ಹೈದರಾಬಾದಿನ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಮಾತು ನನಗೆ ಗೊತ್ತಾದದ್ದು ಆ ಬೆಟ್ಟದ ಮೇಲೆ. ಕಿವಿಗೆ ಬಿದ್ದ ಹಾಗೇ ಹೇಳಿದ್ದರೆ ಕಾಕಾ ಗುರುವಾರ ಬೆಳಿಗ್ಗೆಯೇ ಕಾರು ತೆಗೆಯುತ್ತಿದ್ದರು. ನಾನು ಶಹಾಣಿ, ಮರ್ಯಾದೆ ಹಚ್ಚಿದೆ.

ಕಾಕಾ, ಮಗ ಮಲಗುತ್ತಿದ್ದ ಜಾಗ ಯಾವುದೆಂದು ಮುದುಕನನ್ನು ಕೇಳಿ, ಆ ಖೋಲಿಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು. ಹೋಳಿಗೆ ಡಬ್ಬಿಯನ್ನು ಮುದುಕನಿಗೆ ಕೊಟ್ಟರು.

ಇಳಿಯುವಾಗ ಸೇತುವೆಯ ಹತ್ತಿರ ಕಾರು ನಿಲ್ಲಿಸಿದರು. ನಾನು ಅಳುತ್ತಲೇ ಇದ್ದೆ. ಮಗನಿಗೆ ನಾನೇ ಕಾಗದ ಬರೆದು ನನ್ನ ತಪ್ಪು ಹೇಳಿಕೊಳ್ಳುತ್ತೇನೆ ಎಂದೆ.

"ನೀ ಏನೂ ಬರೀಬ್ಯಾಡ" ಎಂದರು. "ಅಂವ ಹೋಗೂ ದಿನಾ ನಾನ ಮರತೆ ಅಂತ ಹೇಳತೀನಿ. ನೀ ಹೊಸದಾಗಿ ಬಂದಾಕಿ, ಈ ಊರಾಗ ಇನ್ನೂ ಭಾಳ ವರ್ಷ ಇರಬೇಕು. ನಾಕು ಮಂದಿ ಬಾಯಾಗ ನಿನ್ನ ಹೆಸರು ಬ್ಯಾಡ. ಮಗಾ ನನ್ನಾಂವ. ಸಿಟ್ಟಾದ್ರ ಇನ್ನೆಷ್ಟು ದಿನ ಆದಾನು?"

ನಿಜ ಹೇಳಬೇಕೆಂದರೆ ನನಗೆ ನಿರಾಳವಾಯಿತು. ಆ ನಿರಾಳಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ವಾರವೇ ಕಾಕಾ ಹೋಗಿ ಸೊಸೆಯನ್ನು ಮನೆಗೆ ಕರೆತಂದರು. ಹೇಳಿದಂತೆಯೇ, ದಿನ ಮರೆತೆ ಎಂದರು. ಅವಳು ನಂಬಿದಳು, ಹಾಗೆಯೇ ಗಂಡನಿಗೆ ಬರೆದಳು. ಒಳ್ಳೆಯ ಹುಡುಗಿ, ವರ್ಷದೊಳಗೆ ಕನ್ನಡ ಕಲಿತು, ನಮ್ಮಂತೆಯೇ ಆಡತೊಡಗಿದಳು. ಮಗನ ಕಾಗದಗಳು ಅವಳ ಹೆಸರಿಗೆ ಬರುತ್ತಿದ್ದವು. ಅವಳು ಓದಿ ಮುಗಿಸುವವರೆಗೆ ಕಾಕಾ ಬಾಗಿಲಲ್ಲಿ ನಿಂತಿದ್ದು, "ನನಗೇನರ ಬರದಾನೇನವ್ವಾ?" ಎಂದು ಕೇಳುತ್ತಿದ್ದರು. ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಆ ಖೋಲಿಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ. ನನಗೆಲ್ಲ ಕೇಳಿಸುತ್ತಿತ್ತು.

ನಾಲ್ಕನೆಯ ವರ್ಷ, ಸ್ಟ್ಯಾಂಡಿನಲ್ಲಿ ಕಾರಿನೊಳಗೆ ಕೂತಲ್ಲೇ ಕಾಕಾ ಹೋಗಿಬಿಟ್ಟರು. ಮಗ ಮೂರು ದಿನ ತಡವಾಗಿ ಬಂದ. ಅಂಗಳದಲ್ಲಿ ಜನ ಕೂತಿದ್ದರು. ನಾನು ಚಹಾ ಕೊಡಲು ಹೋದಾಗ ಅವನು ಯಾರಿಗೋ ಹೇಳುತ್ತಿದ್ದ: "ನಾ ಹೋಗೂ ದಿನಾನೂ ನೆನಪಿಡಲಿಲ್ಲ ನಮ್ಮಪ್ಪ. ಮರತೆ ಅಂದ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕೆಟ್ಟದ್ದೆನಿಸಿತು. ನಾನು ಕಪ್ಪು ಅವನ ಕೈಗೆ ಕೊಟ್ಟೆ. ಬಾಯಿ ತೆರೆದೆ, ಸಕ್ಕರೆ ಸಾಕೇ ಎಂದು ಕೇಳಿದೆ. ತಿಥಿ ಮುಗಿಸಿ ಅವರಿಬ್ಬರೂ ಊರು ಬಿಟ್ಟರು. ಈಗ ಎಲ್ಲಿದ್ದಾರೋ ತಿಳಿಯದು.

ಆಗ ಹೇಳದ್ದನ್ನು ಈಗ ಬರೆದಿದ್ದೇನೆ. ಆದರೆ ಅವನು ಕಲಿತದ್ದು ತೆಲುಗು ಶಾಲೆಯಲ್ಲಿ. ಕನ್ನಡ ಆಡುತ್ತಾನೆ, ಓದಲು ಬರುವುದಿಲ್ಲ. ಅವನ ಗುರುತಿನವರು ಯಾರಾದರೂ ಇದನ್ನು ನೋಡಿದರೆ ದಯವಿಟ್ಟು ಓದಿ ಹೇಳಿ. ಅವನ ಅಪ್ಪ ಆ ದಿನವನ್ನು ಮರೆತಿರಲಿಲ್ಲ. ಅವರಿಗೆ ಅದನ್ನು ಯಾರೂ ಹೇಳಿರಲೇ ಇಲ್ಲ. ನಾನು ಬರೆದದ್ದನ್ನು ಇದ್ದ ಹಾಗೇ ಓದಿ. ನನ್ನ ಮರ್ಯಾದೆಗೆಂದು ಒಂದಕ್ಷರವನ್ನೂ ತಿದ್ದಬೇಡಿ.